ಎದುರುಮನೆ ಆಯಿ ಕೊಟ್ಟ ರಕ್ತ

ಹೋದ ವಾರ ಸಕ್ಕರೆ ಪರೀಕ್ಷೆಗೆಂದು ಬೀದರಿನಲ್ಲಿ ನಮ್ಮ ಮನೆ ಹತ್ತಿರದ ಲ್ಯಾಬಿಗೆ ಹೋಗಿದ್ದೆ. ಅಲ್ಲಿಯ ಹೆಣ್ಣುಮಗಳು ನನ್ನ ಮೊಣಕೈ ಒಳಬದಿಗೆ ಸ್ಪಿರಿಟ್ ಅದ್ದಿದ ಹತ್ತಿ ಉಜ್ಜಿದಳು. ಚರ್ಮ ತಣ್ಣಗಾಯಿತು, ವಾಸನೆ ಮೂಗಿಗೆ ಬಂತು. ಸೂಜಿ ಇನ್ನೂ ಚುಚ್ಚಿರಲಿಲ್ಲ, ಅಷ್ಟರಲ್ಲಿ ನಾನು ನಮ್ಮೂರು ಸಂತಪುರದ ಶಾಲೆಯ ಪಡಸಾಲೆಯಲ್ಲಿದ್ದೆ. ಎದುರಿಗೆ ಕಬ್ಬಿಣದ ಕುರ್ಚಿ, ಅದರಲ್ಲಿ ನಮ್ಮ ಎದುರುಮನೆಯ ಆಯಿ, ಚಾಚಿದ ಅವಳ ತೋಳು...

ತೋಳಿನ ಮೇಲೆ ಹಸಿರು ಹಚ್ಚೆ ಇತ್ತು ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಹಚ್ಚೆ ಇದ್ದದ್ದು ಅವಳ ತೋಳಿನ ಮೇಲೋ, ನನ್ನ ಸ್ವಂತ ಅಜ್ಜಿಯ ತೋಳಿನ ಮೇಲೋ? ವಾಸನೆ ನೆನಪನ್ನು ತರುವಾಗ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಬರುತ್ತದೆ. ಆ ಕಾಲದಲ್ಲೂ ನಾನು ದಿನಚರಿ ಬರೆಯುತ್ತಿದ್ದೆ. ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಬಿಸಿಲಿನ ಬಗ್ಗೆ ಒಂದು ಸಾಲು, ನೀರಿನ ಟ್ಯಾಂಕರ್ ಬರಲಿಲ್ಲ ಎಂದು ಇನ್ನೊಂದು. ಆಯಿಯ ಬಗ್ಗೆ ಏನೂ ಇಲ್ಲ. ಯಾಕಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಅದು ಮೇಲಿಂದ ಮೇಲೆ ಮಳೆ ಕೈಕೊಟ್ಟ ಕಾಲ. ಕಲಬುರ್ಗಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ನೌಕರಿ ಸಿಗದೆ ನಾನು ಊರಿಗೆ ಮರಳಿದ್ದೆ. ಬೆಳಗಿನ ಬಸ್ಸುಗಳು ತಲೆಯ ಮೇಲೆ ಗಂಟುಮೂಟೆ ಹೇರಿಕೊಂಡು ಹೈದರಾಬಾದಿನ ಕಡೆಗೆ ಹೋಗುತ್ತಿದ್ದವು, ಸಂಜೆ ಔರಾದದಿಂದ ಬರುವ ಬಸ್ಸಿನಿಂದ ಇಳಿಯುವವರೇ ಇರಲಿಲ್ಲ. ಕಟ್ಟಡ ಕೆಲಸಕ್ಕೆ ಹೈದರಾಬಾದು, ಪುಣೆ ಎಂದು ಹರೆಯದವರೆಲ್ಲ ಹೊರಟುಹೋಗಿದ್ದರು. ಊರಲ್ಲಿ ಉಳಿದವರು ವಯಸ್ಸಾದವರು, ಅವರ ಜೊತೆ ಬಿಟ್ಟುಹೋದ ಮಕ್ಕಳು, ಮತ್ತು ನನ್ನಂತೆ ಓದಿ ಕುಳಿತವರು ಒಬ್ಬಿಬ್ಬರು.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ನಮ್ಮ ಮನೆಗೆ ನೇರ ಎದುರಿಗೆ ಅವಳ ಬಾಗಿಲು. ರೇಷನ್ ಕಾರ್ಡಿನ ಪ್ರಕಾರ ಅವಳಿಗೆ ನೂರು ದಾಟಿತ್ತು. ಊರಿಗೆ ಅದೊಂದು ಹೆಮ್ಮೆ. ಕೋಲು ಹಿಡಿಯುತ್ತಿರಲಿಲ್ಲ. ಬೆನ್ನು ನೆಟ್ಟಗಿತ್ತು. ರೊಟ್ಟಿಯನ್ನು ತಾನೇ ಬಡಿಯುತ್ತಿದ್ದಳು, ಬಡಿಯುವ ಸದ್ದು ನಮ್ಮ ಪಡಸಾಲೆಗೆ ಕೇಳುತ್ತಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ, ಸೊಸೆ ಜೊತೆಗಿದ್ದರು. ಆ ಮಗನನ್ನು ನಾನು ಕಾಕಾ ಎನ್ನುತ್ತಿದ್ದೆ. ಅವರಿಗೇ ಎಪ್ಪತ್ತರ ಆಸುಪಾಸು. ಎಲ್ಲದಕ್ಕೂ ಯಾಕೆ ಎಂದು ಕೇಳುವ ಮನುಷ್ಯ. ಬಸ್ಸು ತಡವಾದರೆ ಕಂಡಕ್ಟರನನ್ನು ಕೇಳುವರು, ಮೋಡ ಕವಿದು ಸುರಿಯದೆ ಹೋದರೆ ಅಂಗಳಕ್ಕೆ ಬಂದು ಆ ಮೋಡವನ್ನೇ ಕೇಳುವರು: “ಯಾಕಪಾ, ಏನಾತು ನಿಂಗ?”

ಆ ಬೇಸಿಗೆಯಲ್ಲಿ ಬೆಂಗಳೂರಿನ ಕಡೆಯಿಂದ ಒಬ್ಬ ಡಾಕ್ಟರು ನಾಲ್ಕಾರು ಜನರ ತಂಡ ಕಟ್ಟಿಕೊಂಡು ಬಂದರು. ಬಹಳ ವರ್ಷ ಬದುಕಿದವರ ರಕ್ತ ಅವರಿಗೆ ಬೇಕಿತ್ತು. ನೂರು ಮುಟ್ಟುವವರ ರಕ್ತದಲ್ಲಿ ಸಕ್ಕರೆ, ಯೂರಿಕ್ ಆಮ್ಲ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಅಂಶ ಇವೆಲ್ಲ ಉಳಿದವರಿಗಿಂತ ಕಡಿಮೆ ಇರುತ್ತವೆಯೇ? ಇದ್ದರೆ, ಯಾರು ಅಷ್ಟು ಬದುಕುತ್ತಾರೆ ಎಂಬುದನ್ನು ಮೊದಲೇ ಹೇಳಬಹುದೇ? ಇದು ಅವರ ಪ್ರಶ್ನೆ. ಅವರ ಮಾತನ್ನು ಊರಿಗೆ, ಊರಿನ ಮಾತನ್ನು ಅವರಿಗೆ ದಾಟಿಸಲು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಎಕಂಬಾ, ಚಿಂತಾಕಿ ಸುತ್ತಿ ಕೊನೆಗೆ ನಮ್ಮೂರಿಗೆ ಬಂದೆವು.

ಡಾಕ್ಟರು ಜೀಪಿನಿಂದ ಇಳಿದು ಕಟ್ಟೆ ನೋಡಿ ಬೆರಗಾದರು. “ಎಷ್ಟೊಂದು ಜನ ವಯಸ್ಸಾದವರು ಈ ಊರಲ್ಲಿ! ಇಲ್ಲಿ ನೀರಿನಲ್ಲಿ ಏನೋ ಇರಬೇಕು.”

“ನೀರೇ ಇಲ್ರಿ ಸಾಬ್,” ಎಂದರು ಕಟ್ಟೆಯ ಮೇಲಿದ್ದ ಒಬ್ಬರು. “ಹರೇದವ್ರು ಹೈದ್ರಾಬಾದಿಗಿ ಹೋಗ್ಯಾರ. ಅದಕ್ಕ ಊರು ಮುದುಕಾಗಿ ಕಾಣ್ತದ.”

ಡಾಕ್ಟರು ನಕ್ಕರು. ನಾನು ನಗಲಿಲ್ಲ. ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನಿಸುತ್ತದೆ. ಈಗ ಅನಿಸುವುದು ಆಗಲೂ ಅನಿಸಿತ್ತೋ, ಹೇಳಲಾರೆ.

ಊರಿಗೂ ತನ್ನ ಅನುಮಾನವಿತ್ತು. ಸೀಸೆ ಸೀಸೆ ರಕ್ತ ಎಳೆದು ಮುಂಬೈಯಲ್ಲಿ ಮಾರುತ್ತಾರಂತೆ ಎಂದು ಸುದ್ದಿಯಾಯಿತು. ಅದನ್ನು ಮುರಿದವಳು ಆಯಿ. “ನಮ್ಮ ರಗತ ಯಾವನ್ ತಗೋತಾನಲೇ? ಹಳೀ ಮಾಲು,” ಎಂದು ಎಲ್ಲರಿಗಿಂತ ಮೊದಲು ತಾನೇ ಹೊರಟಳು. ನಾಳೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಡಾಕ್ಟರು ಹೇಳಿದಾಗ, “ಅದೊಂದ್ ಹೇಳಬ್ಯಾಡ್ರಿ ಸಾಬ್, ಈ ವರ್ಷ ನಮಗ ಅದು ರೂಢಿ ಅದ,” ಎಂದಳು. ಮಿತಾಹಾರದಿಂದಲೇ ಆಯುಷ್ಯ ಹೆಚ್ಚುತ್ತದೆ ಎಂಬ ನಂಬಿಕೆ ಡಾಕ್ಟರಿಗೆ ಇತ್ತು. ನಾನು ಅವಳ ಮಾತನ್ನು ದಾಟಿಸಿದಾಗ ಅವರು ಅದನ್ನು ಗಂಭೀರವಾಗಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಶಾಲೆಯ ಪಡಸಾಲೆಯಲ್ಲಿ ಅವಳು ತೋಳು ಚಾಚಿದಳು. ಸೂಜಿ ಹೋದಾಗ ಕಣ್ಣು ಮಿಟುಕಿಸಲಿಲ್ಲ. ತನ್ನ ರಕ್ತ ನಳಿಕೆಗೆ ಏರುವುದನ್ನು ಒಲೆಯ ಮೇಲಿನ ಹಾಲು ನೋಡುವಂತೆ ನೋಡುತ್ತ ಕುಳಿತಳು. ಡಾಕ್ಟರು ಖುಷಿಯಾಗಿ, ಬಾಗಿಲಲ್ಲಿ ನಿಂತಿದ್ದ ಕಾಕಾನನ್ನು ಕರೆದರು. ತಾಯಿ ಇಷ್ಟು ಗಟ್ಟಿ, ಮಗನೂ ಗಟ್ಟಿ, ಇಬ್ಬರ ರಕ್ತವನ್ನೂ ಹೋಲಿಸಬೇಕು ಎಂದರು. ಕಾಕಾ ಅಂಗಿಯ ತೋಳು ಮಡಚುತ್ತ ಕುರ್ಚಿಯಲ್ಲಿ ಕುಳಿತರು.

“ಅವನ್ದು ಬ್ಯಾಡ,” ಎಂದಳು ಆಯಿ.

ಡಾಕ್ಟರಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದರು.

“ಅವನ್ದು ಬ್ಯಾಡ ಅಂದೆ. ನಂದು ಬೇಕಾದ್ರ ಇನ್ನೊಂದ್ ಸೀಸಾ ತಗೋರಿ.”

ಧ್ವನಿ ಏರಿರಲಿಲ್ಲ. ಹತ್ತಿ ಕೆಳಗಿಟ್ಟು ಇನ್ನೊಂದು ತೋಳು ಚಾಚಿದಳು. ಕಾಕಾ ಎದ್ದರು. ಮಡಚಿದ ತೋಳನ್ನು ಬಿಚ್ಚಿ ಕೆಳಗೆಳೆದುಕೊಂಡರು, ಹೊರಗೆ ಹೋದರು. ಮೋಡವನ್ನೂ ಯಾಕೆ ಎಂದು ಕೇಳುವ ಮನುಷ್ಯ ಆ ದಿನ ಯಾಕೆ ಎಂದು ಕೇಳಲಿಲ್ಲ. ಇದನ್ನು ನಾನು ಗಮನಿಸಿದ್ದು ವರ್ಷಗಳ ನಂತರ.

ಆ ದಿನ ನಾನು ಅನುಮಾನಪಟ್ಟಿದ್ದು ಆಯಿಯನ್ನು. ಏನೋ ಮುಚ್ಚಿಡುತ್ತಿದ್ದಾಳೆ ಅನಿಸಿತು. ವಯಸ್ಸೇ ಸುಳ್ಳಿರಬಹುದು ಎಂದುಕೊಂಡೆ. ಅವಳು ಮದುವೆಯಾಗಿ ಬಂದ ಕತೆ ನಾವೆಲ್ಲ ಕೇಳಿದ್ದೆವು. ದಿಬ್ಬಣದ ಬಂಡಿ ಭಾಲ್ಕಿಯ ರೈಲು ಗೇಟಿನ ಹತ್ತಿರ ಬಂದಾಗ ಇಂಜಿನ್ ಕೂಗಿತಂತೆ, ಎತ್ತು ಬೆದರಿ ಓಡಿದವಂತೆ, ಮದುಮಗಳು ಜಾಲಿಯ ಪೊದೆಗೆ ಬಿದ್ದಳಂತೆ. ಎಷ್ಟೋ ಸಲ ನಕ್ಕಿದ್ದ ಆ ಕತೆಯನ್ನು ನಾನು ಮೊದಲ ಸಲ ಲೆಕ್ಕ ಹಾಕಿ ನೋಡಿದೆ. ಆ ಕಡೆ ರೈಲು ಬಂದದ್ದು ಯಾವಾಗ ಎಂದು ಅಪ್ಪನನ್ನು ಕೇಳಿದೆ. ಕಾರ್ಡಿನಲ್ಲಿದ್ದ ವಯಸ್ಸು ಖರೆ ಆಗಿದ್ದರೆ, ಅವಳ ಮದುವೆಯ ಹೊತ್ತಿಗೆ ಭಾಲ್ಕಿಗೆ ರೈಲೇ ಬಂದಿರಲಿಲ್ಲ. ಒಂದೋ ರೈಲು ಸುಳ್ಳು, ಇಲ್ಲವೇ ವಯಸ್ಸು ಸುಳ್ಳು.

ಅದೇ ದಿನ ಮಧ್ಯಾಹ್ನ ಬೇವಿನ ನೆರಳಿನಲ್ಲಿ ಆಯಿ, “ಪೋರಿ, ತಲಿ ಕಡಿಲಿಕತ್ತದ, ಸ್ವಲ್ಪ ನೋಡು,” ಎಂದು ನನ್ನ ಮುಂದೆ ಬೆನ್ನು ಹಾಕಿ ಕುಳಿತಳು. ಕೂದಲು ಸರಿಸುತ್ತ ಕೇಳಿದೆ.

“ಆಯಿ, ಭಾಲ್ಕ್ಯಾಗ ಎತ್ತು ಬೆದರಿದ್ದು ರೈಲಿಗೇ ಏನು?”

“ಮತ್ತೇನ್ ಹುಲಿಗೇನ?”

“ಹಂಗಾರ ನಿಂಗ ನೂರು ಆಗಿಲ್ಲ.”

“ಎಂ.ಎಸ್ಸಿ. ಅಂದ್ರ ಇದೇ ಏನವಾ? ಮುದುಕೀರ ಉಮರ್ ಹಿಡಿಯೂದು?” ಎಂದಳು. ನಾನು ನಕ್ಕೆ, ಅವಳು ನಗಲಿಲ್ಲ. “ನೂರು ಆಗಿದ್ದು ಅಕಿಗಿ.”

“ಯಾರಿಗಿ?”

ಅವಳ ಕತ್ತಿನ ಹಿಂದೆ ಒಂದು ಕರಿದಾರ ಕಾಣುತ್ತಿತ್ತು. ಅದನ್ನು ಹಿಡಿದು ಎಳೆದಳು. ಕುಪ್ಪಸದ ಒಳಗಿನಿಂದ ಬೆಳ್ಳಿಯ ಸಣ್ಣ ತಗಡು ಮೇಲೆ ಬಂತು. ಅದರ ಮೇಲೆ ಒಂದು ಹೆಣ್ಣಿನ ಆಕಾರ ಇದ್ದಿರಬೇಕು, ಸವೆದು ನುಣುಪಾಗಿತ್ತು. “ಈಕಿಗಿ,” ಎಂದಳು.

ಅದೇನೆಂದು ನನಗೆ ಗೊತ್ತಿತ್ತು. ನಮ್ಮ ಕಡೆ ಹೆಂಡತಿ ಸತ್ತವನನ್ನು ಮದುವೆಯಾಗುವ ಹೆಣ್ಣು, ಸತ್ತ ಸವತಿಯ ಹೆಸರಿನಲ್ಲಿ ಇಂಥ ತಗಡನ್ನು ಕೊರಳಿಗೆ ಕಟ್ಟಿಕೊಳ್ಳುತ್ತಾಳೆ. ಹಬ್ಬದ ದಿನ ಮೊದಲ ಎಡೆ ಅದಕ್ಕೆ, ಹೊಸ ಸೀರೆ ಉಡುವ ಮೊದಲು ಅದಕ್ಕೆ ಮುಟ್ಟಿಸಬೇಕು. ಕೆಲವು ಮನೆಗಳಲ್ಲಿ ಹೊಸಬಳಿಗೆ ಸತ್ತವಳ ಹೆಸರನ್ನೇ ಇಡುತ್ತಾರೆ. ಇವಳ ಮನೆಯಲ್ಲಿ ಹೆಸರಿನ ಜೊತೆ ಎಲ್ಲವನ್ನೂ ಕೊಟ್ಟಿದ್ದರು. ಮೊದಲನೆಯವಳು ಬಹಳ ವರ್ಷ ಮಕ್ಕಳಿಲ್ಲದೆ ಇದ್ದು, ತಡವಾಗಿ ಒಂದು ಗಂಡು ಹೆತ್ತು, ಬಾಣಂತನದಲ್ಲೇ ಹೋಗಿದ್ದಳು. ಇವಳಿನ್ನೂ ಲಂಗ ಬಿಟ್ಟು ಸೀರೆ ಉಟ್ಟ ಹೊಸದು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆಗೆ ಆ ಕೂಸನ್ನೂ ಉಡಿಗೆ ಹಾಕಿದರಂತೆ. ಮುಂದಿನ ಬರಕ್ಕೆ ಭಾಲ್ಕಿ ಕಡೆಯ ಆ ಹಳ್ಳಿಯನ್ನು ಬಿಟ್ಟು ಗಂಡ, ಹೆಂಡತಿ, ಕೂಸು ಸಂತಪುರಕ್ಕೆ ಬಂದರು. ಇಲ್ಲಿಯವರು ಕಂಡದ್ದು ಒಬ್ಬ ತಾಯಿ, ಅವಳ ಸೊಂಟದ ಮೇಲೆ ಒಬ್ಬ ಮಗ. ಮುಂದೆ ಓಟಿನ ಯಾದಿ ಬರೆಯಲು ಬಂದವರು ಹೆಂಡತಿಯ ವಯಸ್ಸು ಕೇಳಿದಾಗ, ಗಂಡ ಮೊದಲ ಮದುವೆಯಿಂದ ಎಣಿಸಿ ಹೇಳಿದ, ರೇಷನ್ ಕಾರ್ಡಿಗೂ ಅದೇ ಇಳಿಯಿತು. ಮೋಸ ಮಾಡಬೇಕೆಂದಲ್ಲ. ಅವನ ಲೆಕ್ಕದಲ್ಲಿ ಹೆಂಡತಿ ಒಬ್ಬಳೇ.

“ಆ ಮನಷಾ ಸತ್ತಾಗ ತಾಳಿ ತಗದ್ರು,” ಎಂದಳು. “ಇದನ್ನ ತಗೀಲಿಲ್ಲ. ಇದು ಅಂವಂದಲ್ಲ, ಅಕಿದು.”

ಕಾಕಾನಿಗೆ ಗೊತ್ತೇ ಎಂದು ಕೇಳಿದೆ. ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. ಆ ಮುಖ ಮಾತ್ರ ನನಗೆ ಖಚಿತವಾಗಿ ನೆನಪಿದೆ, ಅದನ್ನು ನಾನು ಕಟ್ಟಿಕೊಂಡಿರಲಾರೆ.

“ಅವನ ರಗತ, ನನ್ನ ರಗತ ಬಾಜೂಕ ಇಟ್ಟು ನೋಡಿದ್ರ ಗೊತ್ತಾಗ್ತದೇನು? ಟಿವಿಯಾಗ ಹಂಗ ತೋರಿಸ್ಯಾರ.”

“ಇವ್ರು ಅದನ್ನ ನೋಡಂಗಿಲ್ಲ ಆಯಿ. ಸಕ್ರಿ ಎಷ್ಟದ, ಕಿಡ್ನಿ ಹ್ಯಾಂಗದ, ಅಷ್ಟೇ.”

“ಮುಂದ ಯಾವಾಗರ ನೋಡಿದ್ರ?”

ಒಂದಿಷ್ಟು ರಕ್ತವನ್ನು ವಂಶದ ಗುಣ ನೋಡಲಿಕ್ಕೆಂದು ತಣ್ಣಗೆ ಕಾದಿಡುತ್ತಾರೆ ಎಂದು ಡಾಕ್ಟರೇ ಹೇಳಿದ್ದರು. ನಾನು ಸುಮ್ಮನಾದದ್ದರಿಂದಲೇ ಅವಳಿಗೆ ತಿಳಿಯಿತು.

“ನನ್ನ ಹೊಟ್ಟೀಲಿ ಹುಟ್ಟಿದ್ದು ಒಂದೂ ಉಳೀಲಿಲ್ಲ ಪೋರಿ. ಇವನೇ ಉಳದಾನ. ಇಷ್ಟು ಮುದುಕಾದ ಮಗನಿಗಿ, ನಿಮ್ಮವ್ವ ಎಂದೋ ಸತ್ತಾಳ ಅಂತ ಈಗ ಹ್ಯಾಂಗ ಹೇಳ್ಲಿ?”

ಎರಡು ಮಾತು ಕೇಳಿಕೊಂಡಳು. ಮಗನ ರಕ್ತ ತೆಗೆಯದಂತೆ ಡಾಕ್ಟರನ್ನು ತಡೆಯಬೇಕು. ತಾನು ಸತ್ತ ದಿನ, ಮೈ ತೊಳೆಯುವ ಹೆಂಗಸರು ಬರುವ ಮೊದಲು ನಾನು ಬಂದು ತಗಡನ್ನು ತೆಗೆಯಬೇಕು, ಅವರು ನೋಡಿದರೆ ಒಂದೇ ಕ್ಷಣಕ್ಕೆ ಎಲ್ಲ ತಿಳಿಯುತ್ತದೆ. ಏಳುವಾಗ ಕೇಳಿದೆ, ತವರಲ್ಲಿ ನಿನ್ನನ್ನು ಏನೆಂದು ಕರೆಯುತ್ತಿದ್ದರು ಆಯಿ? ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಂದು, ಹೇಳಿದಳು. ಹೇಳಿ ತಾನೇ ನಾಚಿಕೊಂಡಳು. “ಬರೀಬ್ಯಾಡ ಮತ್ತ. ನೀ ಎಲ್ಲಾ ಬರಕೋತಿ.”

ನಾನು ಬರೆಯಲಿಲ್ಲ. ಆ ಪುಟದಲ್ಲಿ ಬಿಸಿಲು, ಟ್ಯಾಂಕರ್ ಬಿಟ್ಟು ಬೇರೇನೂ ಇಲ್ಲದ್ದು ಅದಕ್ಕೇ.

ಈ ಕತೆಯನ್ನೂ ನಾನು ಆಗ ಪೂರ್ತಿ ನಂಬಲಿಲ್ಲ ಎಂಬುದನ್ನು ಹೇಳಬೇಕು. ಮನೆಗೆ ಬಂದು ಮಗ್ಗುಲು ಮಗ್ಗುಲಿಗೆ ಹೊರಳಿಸಿ ನೋಡಿದೆ. ಮಗನಿಗೆ ಸೂಜಿ ಚುಚ್ಚಬಾರದೆಂದು ಒಂದು ನೆಪ ಕಟ್ಟಿದಳೇ? ಆದರೆ ಅಂಥ ನೆಪಕ್ಕಾಗಿ ಯಾರು ತಮ್ಮನ್ನೇ ಹೀಗೆ ಬಿಟ್ಟುಕೊಡುತ್ತಾರೆ?

ವರದಿ ಹಿಡಿದುಕೊಂಡು ಡಾಕ್ಟರು ಮತ್ತೆ ಬಂದಾಗ ಅವರ ಕಾಲು ನೆಲದ ಮೇಲಿರಲಿಲ್ಲ. ನೂರು ದಾಟಿದ ದೇಹದಲ್ಲಿ ಇಂಥ ರಕ್ತ! ಸಕ್ಕರೆ ಕಡಿಮೆ, ಯೂರಿಕ್ ಆಮ್ಲ ಕಡಿಮೆ, ಮೂತ್ರಪಿಂಡ ಇಪ್ಪತ್ತು ವರ್ಷ ಚಿಕ್ಕವರದ್ದರಂತಿದೆ ಎಂದರು. ಇಪ್ಪತ್ತು ವರ್ಷ ಚಿಕ್ಕವಳೇ ಆಗಿದ್ದರೆ ಮತ್ತೆ ಹೇಗಿರಬೇಕು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಗುಟ್ಟು ಬಿಟ್ಟು, ರೈಲಿನ ಲೆಕ್ಕವನ್ನಷ್ಟೇ ಹೇಳಿದೆ. ಇವರ ವಯಸ್ಸು ಖಚಿತವಿಲ್ಲ ಸರ್, ಇವರನ್ನು ನೂರರವರ ಜೊತೆ ಸೇರಿಸಬೇಡಿ ಎಂದೆ.

“ರೈಲಿನ ಕತೆ ಮುದುಕರು ನೂರು ಥರ ಹೇಳ್ತಾರಮ್ಮ,” ಎಂದರು. “ನೆನಪನ್ನ ನಂಬೋಕಾಗುತ್ತಾ? ಸರ್ಕಾರಿ ದಾಖಲೆ ಇದೆಯಲ್ಲ.”

ನೆನಪನ್ನು ನಂಬಬಾರದು ಎಂಬುದನ್ನು ಬದುಕಿಡೀ ನಂಬಿಕೊಂಡು ಬಂದ ನಾನು ಅವತ್ತು ಬಾಯಿ ಮುಚ್ಚಿಕೊಂಡು ನಿಂತೆ. ಡಾಕ್ಟರು ಒಂದು ನಕ್ಷೆ ಬಿಡಿಸಿ ತೋರಿಸಿದರು. ವಯಸ್ಸು ಬಲಕ್ಕೆ ಸರಿದಂತೆ ಚುಕ್ಕೆಗಳು ವಿರಳವಾಗುತ್ತಿದ್ದವು. ಕಟ್ಟಕಡೆಗೆ, ಎಲ್ಲರಿಂದ ದೂರ, ಒಂದೇ ಒಂದು ಚುಕ್ಕೆ. ಇದೇ ನಿಮ್ಮ ಆಯಿ ಎಂದರು. ಆ ಚುಕ್ಕೆಯೊಳಗೆ ಬಾಣಂತನದಲ್ಲಿ ಸತ್ತ ಒಬ್ಬಳೂ ಇದ್ದಳು, ಅವಳ ಪಾಲಿನ ವರ್ಷಗಳನ್ನು ಬೆನ್ನಿಗೆ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದ ಇನ್ನೊಬ್ಬಳೂ. ಆಗಿನಿಂದ, ದೀರ್ಘಾಯುಷ್ಯದ ರಕ್ತದ ಬಗ್ಗೆ ಪತ್ರಿಕೆಯಲ್ಲಿ ಏನೇ ಬಂದರೂ ನಾನು ಮೊದಲು ನೋಡುವುದು ಆ ಕೊನೆಯ ಚುಕ್ಕೆಗಳನ್ನು. ಅವರ ಊರಿನ ಓಟಿನ ಯಾದಿ ಬರೆದವರು ಯಾರಿರಬಹುದು...

ಡಾಕ್ಟರು ಮಗನ ರಕ್ತವಿಲ್ಲದೆ ಹೋಗಲು ಒಪ್ಪಲಿಲ್ಲ. ನಾನು ಎಷ್ಟು ಹೇಳಿದರೂ ಕೇಳದೆ, ಪೆಟ್ಟಿಗೆ ಹಿಡಿದು ನೇರ ಕಾಕಾನ ಅಂಗಳಕ್ಕೇ ನಡೆದರು. ಆಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು.

ಕಾಕಾ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. “ಬ್ಯಾಡ್ರಿ ಸಾಬ್. ನಂಗ ಸೂಜಿ ಅಂದ್ರ ಭಾಳ ಅಂಜಿಕಿ.”

ಕುಡುಗೋಲು ಬಿದ್ದು ಪಾದ ಸೀಳಿದಾಗ, ಔರಾದದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುತ್ತ ಕಂಪೌಂಡರನ ಜೊತೆ ತೊಗರಿಯ ಧಾರಣೆ ಮಾತಾಡಿದ ಮನುಷ್ಯ ಅದು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಬೇಲಿಯಾಚೆ ನಿಂತವರೊಬ್ಬರು, “ಯಾಕ್ರಿ, ಈ ವಯಸ್ಸಿನಾಗ ಹೆದರೂದು ಕಲ್ತ್ರಿ?” ಎಂದು ಛೇಡಿಸಿದರು. ಕಾಕಾ ಅದಕ್ಕೂ ನಕ್ಕರು. ಡಾಕ್ಟರು ಹೊರಟರು. ಸ್ವಲ್ಪ ಹೊತ್ತಿಗೆ ಒಳಗೆ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಮೊದಲಿಗಿಂತ ನಿಧಾನವಾಗಿ... ಅಥವಾ ನನ್ನ ನೆನಪೇ ಅದನ್ನು ನಿಧಾನ ಮಾಡಿಕೊಂಡಿದೆ.

ಆಯಿ ಹೋದದ್ದು ಮಳೆ ಮರಳಿ ಹಿಡಿದ ವರ್ಷ. ನಾನಾಗ ಬೀದರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಸುದ್ದಿ ಬಂದ ಕೂಡಲೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ದುಃಖಕ್ಕಿಂತ ತಗಡಿನದೇ ಗಾಬರಿ. ತಲುಪಿದಾಗ ತಡವಾಗಿತ್ತು. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದರು. ಹೂವಿನ ಕೆಳಗೆ ಅವಳ ಕೊರಳನ್ನು ನೋಡಿದೆ. ದಾರವಿರಲಿಲ್ಲ. ತೊಳೆದ ಹೆಂಗಸರಲ್ಲಿ ಒಬ್ಬಳನ್ನು ಪಕ್ಕಕ್ಕೆ ಕರೆದು, ಮೈಮೇಲೆ ಏನಾದರೂ ಇತ್ತೇ ಎಂದು ಕೇಳಿದೆ.

“ಏನೂ ಇದ್ದಿಲ್ಲವಾ. ನಾವು ಬರೂತನಕ ಮಗ ಬಾಗಲಾ ಹಾಕ್ಕೊಂಡು ಒಬ್ಬನೇ ಕುಂತಿದ್ದ.”

ಹೊಲದ ಬದುವಿನ ಹತ್ತಿರ ಕುಣಿ ತೋಡಿದ್ದರು. ಆಯಿಯನ್ನು ಒಳಗೆ ಕೂರಿಸಿದ ಮೇಲೆ ಕಾಕಾ ಕೊನೆಯ ಬಾರಿಗೆ ಕೆಳಗೆ ಇಳಿದು, ಅವಳ ಮಡಿಲಿನ ಹತ್ತಿರ ಕೈಯಿಟ್ಟರು. ಮುಚ್ಚಿದ ಮುಷ್ಟಿ ಕೆಳಗೆ ಹೋಯಿತು, ಬಿಚ್ಚಿದ ಕೈ ಮೇಲೆ ಬಂತು. ಹಾಗೆಂದು ನಾನು ನೋಡಿದೆ. ಜನರ ಭುಜಗಳ ನಡುವಿನಿಂದ, ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದ್ದು. ನಂಬಬೇಕೋ ಬೇಡವೋ ನನಗಿನ್ನೂ ತಿಳಿಯುವುದಿಲ್ಲ. ಮೇಲೆ ಹತ್ತಿ ಬಂದವರು ನನ್ನನ್ನು ಕಂಡು ಹತ್ತಿರ ಬಂದರು.

“ಅವತ್ತು ತಗದ್ರಲ್ಲವಾ ರಗತ. ಅದು ಇನ್ನಾ ಅದ ಏನು ಅವರ ಹಂತ್ಯಾಕ?”

“ಇರಬಹುದು ಕಾಕಾ.”

“ಇರ್ಲಿ ತಗೋ,” ಎಂದರು. ಕೈಯ ಮಣ್ಣು ಕೊಡವಿ, “ನಮ್ಮವ್ವಂದು,” ಎಂದರು.

ಯಾವಾಗಿನಿಂದ ಗೊತ್ತಿತ್ತು ಎಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರೂ ಇಲ್ಲ. ಹೈದರಾಬಾದಿಗೆ ಹೋದ ಆಯಿಯ ಮೊಮ್ಮಕ್ಕಳು ಅಲ್ಲೇ ನೆಲೆ ನಿಂತರು. ಊರಲ್ಲಿ ನಮ್ಮ ಎದುರಿನ ಬಾಗಿಲಿಗೆ ಬೀಗ.

ಹೋದ ವಾರ ಲ್ಯಾಬಿನಲ್ಲಿ ಆ ಹೆಣ್ಣುಮಗಳು ನಳಿಕೆಯ ಮೇಲೆ ಚೀಟಿ ಅಂಟಿಸಿ, ಹೆಸರು ಬರೆಯುತ್ತ, “ಬರೋಬ್ಬರಿ ಅದ ಏನ್ರಿ?” ಎಂದು ನನಗೆ ತೋರಿಸಿದಳು. ನನ್ನದೇ ಹೆಸರು. ಆದರೂ ಹೌದು ಎನ್ನಲು ಸ್ವಲ್ಪ ಹೊತ್ತು ಹಿಡಿಯಿತು. ಯಾವುದೋ ಊರಿನ ಯಾವುದೋ ತಣ್ಣನೆಯ ಪೆಟ್ಟಿಗೆಯಲ್ಲಿ ಆಯಿಯ ರಕ್ತ ಇನ್ನೂ ಇದ್ದರೆ, ಅದರ ಮೇಲಿರುವುದು ಇನ್ನೊಬ್ಬಳ ಹೆಸರು, ಇನ್ನೊಬ್ಬಳ ವಯಸ್ಸು. ಅವಳದೇ ಆದ ಹೆಸರು ಉಳಿದದ್ದು ನನ್ನ ಕಿವಿಯಲ್ಲಿ ಮಾತ್ರ.

ಹತ್ತಿ ಒತ್ತಿಹಿಡಿದು ಹೊರಗಿನ ಬೆಂಚಿನ ಮೇಲೆ ಕುಳಿತು ಆ ಹೆಸರನ್ನು ನೆನಪಿಸಿಕೊಳ್ಳಲು ನೋಡಿದೆ. ಬೇವಿನ ನೆರಳು ಬಂತು, ಕಿವಿಗೆ ತಾಗಿದ ಬಿಸಿ ಉಸಿರು ಬಂತು, ಹೇಳಿ ನಾಚಿಕೊಂಡ ಆ ಮುಖ ಬಂತು, ಹೆಸರು ಮಾತ್ರ ಬರಲಿಲ್ಲ. ನಮ್ಮ ಕಡೆಯ ಹಳೆಯ ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಹೇಳಿಕೊಂಡೆ. ಕೆಲವು ಅದೇ ಇರಬೇಕು ಅನಿಸಿದವು. ಅನಿಸಿದ್ದರಿಂದಲೇ ಅವನ್ನು ಬಿಟ್ಟೆ...

ವರದಿ ಸಿದ್ಧವಾಗಿದೆ ಎಂದು ಒಳಗಿನಿಂದ ಕೂಗಿದರು. ನನ್ನ ಹೆಸರು ಹಿಡಿದು ಕೂಗಿದರು. ನಾನು ಎದ್ದು ಹೋದೆ.